ಖಾಲಿ ಕೋಶಕ್ಕೆ ಕೆಂಪು ಬಣ್ಣ

ಬೀದರ್ ನಗರದ ನಮ್ಮ ಕಾಲೇಜಿನಿಂದ ನನ್ನನ್ನು ಬೋಧನಾಭ್ಯಾಸಕ್ಕೆ ಔರಾದ ತಾಲ್ಲೂಕಿನ ಪ್ರೌಢಶಾಲೆಯೊಂದಕ್ಕೆ ಕಳುಹಿಸಿದ್ದರು. ಎಂಟನೆಯ ತರಗತಿಗೆ ಗಣಿತ. 25 ಅಂಕಗಳ ಘಟಕ ಪರೀಕ್ಷೆ ಮುಗಿಸಿ, ಎಕ್ಸೆಲ್ ಪಟ್ಟಿಯ ಒಂದೊಂದೇ ಕೋಶಕ್ಕೆ ಕೈಯಿಂದ ಬಣ್ಣ ಹಚ್ಚುತ್ತ ಕುಳಿತಿದ್ದೆ. ಭಾಲ್ಕಿಯ ಸಹಪಾಠಿಯೊಬ್ಬ ಅದನ್ನು ನೋಡಿ ನಕ್ಕು, ಪೈಥಾನ್‌ನ ಓಪನ್‌ಪೈಎಕ್ಸ್‌ಎಲ್ ಲೈಬ್ರರಿ ತೋರಿಸಿಕೊಟ್ಟ.

ಮೊದಲು ಬಣ್ಣವೇ ಕಾಣಲಿಲ್ಲ. ಬಣ್ಣದ ಸಂಕೇತ ಕೊಟ್ಟರೆ ಸಾಲದು, ತುಂಬುವ ಬಗೆ ‘ಸಾಲಿಡ್’ ಎಂದೂ ಹೇಳಬೇಕು. ಅದು ಸರಿಹೋಯಿತು. ಆಮೇಲೆ ಖಾಲಿ ಕೋಶ ಬಂದಲ್ಲೆಲ್ಲ ಪ್ರೋಗ್ರಾಂ ದೋಷ ತೋರಿಸಿ ನಿಲ್ಲತೊಡಗಿತು. ಏನೂ ಇಲ್ಲದ್ದನ್ನು 9ರೊಂದಿಗೆ ಹೋಲಿಸಲು ಪೈಥಾನ್ ಒಪ್ಪುವುದಿಲ್ಲ. ಅವಸರದಲ್ಲಿದ್ದ ನಾನು, ಖಾಲಿಯಿದ್ದರೆ ಸೊನ್ನೆ ಎಂದುಕೋ ಎಂಬ ಅರ್ಥದ ಒಂದು ಸಾಲು ಸೇರಿಸಿದೆ. ಯಂತ್ರ ಬೇಡವೆಂದದ್ದನ್ನು ಮಾಡಿಸಿದವನು ನಾನೇ. ಪಟ್ಟಿ ಕ್ಷಣದಲ್ಲಿ ಸಿದ್ಧವಾಯಿತು: ಶೀರ್ಷಿಕೆ ದಪ್ಪಕ್ಷರದಲ್ಲಿ, 9ಕ್ಕಿಂತ ಕಡಿಮೆಯಿದ್ದವರು ಕೆಂಪಿನಲ್ಲಿ. ಬಣ್ಣದಲ್ಲೇ ಮುದ್ರಿಸಿ ತರಗತಿಯ ಗೋಡೆಗೆ ಹಚ್ಚಿದೆ.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಒಬ್ಬ ಹುಡುಗಿ ಬಂದು ನಿಂತಳು. ಮನೆಯಲ್ಲಿ ಮರಾಠಿ ಆಡುವವಳು, ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ.

“ಸರ್, ನಾ ಪರೀಕ್ಷಾನೇ ಬರ್ದಿಲ್ರಿ. ನಂದ್ಯಾಕ ಕೆಂಪದ?”

ಆ ವಾರ ಸೋಯಾ ರಾಶಿಗೆಂದು ತಾಯಿಯ ಜೊತೆ ಹೊಲಕ್ಕೆ ಹೋಗಿದ್ದಳು. ನನ್ನ ಹಾಜರಿ ಪುಸ್ತಕದಲ್ಲೇ ಅದಿತ್ತು. ಉತ್ತರ ತೋಚದೆ ಗೋಡೆಯ ಹಾಳೆ ಕಿತ್ತೆ.

ಮರುವಾರ ಅವಳಿಗೆ ಬೇರೆ ಪರೀಕ್ಷೆ ಕೊಟ್ಟೆ, 14 ಬಂತು. ಕೋಶದಲ್ಲಿ 14 ಬರೆದರೂ ಕೆಂಪು ಹಾಗೇ ಉಳಿಯಿತು. ಪ್ರೋಗ್ರಾಂ ಮತ್ತೆ ಓಡಿಸಿದರೂ ಅಷ್ಟೇ, ಏಕೆಂದರೆ ಅದಕ್ಕೆ ಹಚ್ಚುವುದು ಗೊತ್ತಿತ್ತು, ತೆಗೆಯುವುದನ್ನು ನಾನು ಕಲಿಸಿರಲಿಲ್ಲ. ನಾನು ಹಚ್ಚಿದ್ದ ಬಣ್ಣ ಕೋಶಕ್ಕೆ ಅಂಟಿತ್ತೇ ಹೊರತು ಅಂಕಕ್ಕಲ್ಲ. ಹಳೆಯ ಬಣ್ಣವನ್ನೆಲ್ಲ ಅಳಿಸಿ ಷರತ್ತಿನ ಫಾರ್ಮ್ಯಾಟಿಂಗ್ ನಿಯಮ ಹಾಕಿದೆ: ಕೋಶದಲ್ಲಿ ಸಂಖ್ಯೆಯೇ ಇರಬೇಕು, ಅದು 9ಕ್ಕಿಂತ ಕಡಿಮೆಯಿರಬೇಕು, ಎರಡೂ ಕೂಡಿದರೆ ಮಾತ್ರ ಕೆಂಪು. ಹೀಗೆ ಮಾಡಿದರೆ ಅಂಕ ತಿದ್ದಿದಾಗ ಬಣ್ಣ ತಾನೇ ಬದಲಾಗುತ್ತದೆ. (ಇಲ್ಲಿ ಆರಂಭದ ಬಣ್ಣ, ಕೊನೆಯ ಬಣ್ಣ ಎರಡನ್ನೂ ಒಂದೇ ಕೊಡಿ, ನನ್ನ ಒಂದು ಸಂಜೆ ಅದಕ್ಕೇ ಹೋಯಿತು.) ಪರೀಕ್ಷೆಗೆ ಬಾರದವರಿಗೆ ಈಗ ‘ಗೈ’ ಎಂದು ಬರೆಯುತ್ತೇನೆ.

ಹೊಸ ಪಟ್ಟಿಯನ್ನು ಗೋಡೆಗೆ ಹಚ್ಚಲಿಲ್ಲ. ಅವಳನ್ನು ಕರೆದು ಲ್ಯಾಪ್‌ಟಾಪ್‌ನಲ್ಲಿ ಅವಳ ಸಾಲು ತೋರಿಸಿದೆ. ಬೆರಳಿಟ್ಟು ನೋಡಿ, “ಹಾಂ ಸರ್” ಎಂದು ಹೋದಳು.