ಉದುರುವ ಅಕ್ಕಿ, ಅಂಟುವ ಅಕ್ಕಿ



ಅನ್ನ ಚೆನ್ನಾಗಿ ಆಗಿದೆ ಎನ್ನಲು ನಮ್ಮ ಸೀಮೆಯಲ್ಲಿ ಒಂದು ಮಾತಿದೆ: ಮಲ್ಲಿಗೆ ಹೂವಿನಂತಿದೆ. ಅಗುಳಿಗೆ ಅಗುಳು ಅಂಟದೆ ಬಿಡಿಬಿಡಿಯಾಗಿ ಉದುರಬೇಕು. ಅಂಟಿಕೊಂಡರೆ "ಅನ್ನ ಮುದ್ದೆಯಾಯಿತು" ಎಂದು ಬೇಸರಪಡುತ್ತೇವೆ. ಇದರಲ್ಲೊಂದು ವಿನೋದವುಂಟು. ರಾಗಿಯ ನಾಡಿನವರಾದ ನಮಗೆ ಮುದ್ದೆಯೇ ನಿತ್ಯದ ಊಟ. ನನ್ನ ಬಾಲ್ಯದಲ್ಲಿ ನಲ್ಲೂರಿನ ಎಷ್ಟೋ ಮನೆಗಳಲ್ಲಿ ಅಕ್ಕಿಯ ಅನ್ನವೆಂದರೆ ಹಬ್ಬದ ಮಾತು. ರಾಗಿಯಲ್ಲಿ ಹೊಗಳಿಕೆಯಾದ ಪದವೇ ಅಕ್ಕಿಯಲ್ಲಿ ದೂರಾಗಿಬಿಡುತ್ತದೆ. ಅಂಟುವುದು ಗುಣವೋ ದೋಷವೋ ಎಂಬ ಈ ಪ್ರಶ್ನೆಯನ್ನು ನಮ್ಮ ಮನೆಯ ನಡುವೆ ತಂದಿಟ್ಟವನು ಏಳು ವರ್ಷದ ನನ್ನ ಮೊಮ್ಮಗ.

ಅವನು ಹುಟ್ಟಿ ಬೆಳೆದದ್ದು ಜಪಾನಿನ ನಗೋಯಾದಲ್ಲಿ. ಕಳೆದ ವರ್ಷ ಆಗಸ್ಟಿನ ಶಾಲಾ ರಜೆಯಲ್ಲಿ ಮಗಳು ಅವನನ್ನು ಕರೆದುಕೊಂಡು ಒಂದು ತಿಂಗಳಿಗೆಂದು ಊರಿಗೆ ಬಂದಳು. ಮೊದಲ ದಿನ ನನ್ನ ಪತ್ನಿ ಹಳೆಯ ಸೋನಾ ಮಸೂರಿಯ ಅನ್ನ ಮಾಡಿ, ತುಪ್ಪ ಹಾಕಿ, ತೊವ್ವೆಯೊಡನೆ ಬಡಿಸಿದಳು. ಹುಡುಗ ಎರಡು ತುತ್ತು ತಿಂದು "ಪಸಪಸ" ಎಂದು ತಟ್ಟೆ ಸರಿಸಿದ. ಬಾಯಿಗೆ ಒಣಒಣವೆನಿಸುವ, ಒಂದಕ್ಕೊಂದು ಹಿಡಿಯದ ಅನ್ನಕ್ಕೆ ಜಪಾನೀಯರು ಹೇಳುವ ಮಾತಂತೆ ಅದು. ಬಿಡಿಬಿಡಿಯಾದುದು "ಪರಪರ", ಮೆತ್ತಗೆ ಜಿಗುಟಾದುದು "ಮೊಚಿಮೊಚಿ". ಜೀವನವೆಲ್ಲ ವ್ಯಾಕರಣ ಕಲಿಸಿದ ನನಗೆ ಈ ಜೋಡುನುಡಿಗಳು ಬಹಳ ಹಿಡಿಸಿದವು. ನಮ್ಮ ಗರಗರ, ಜಿಬಿಜಿಬಿಗಳ ಕುಲದವೇ ಅಲ್ಲವೆ!

ಆದರೆ ಅಜ್ಜಿಗೆ ಅದು ವ್ಯಾಕರಣದ ವಿಷಯವಾಗಿರಲಿಲ್ಲ. ನಾಲ್ಕು ದಿನ ಹುಡುಗ ಬಾಳೆಹಣ್ಣು, ಬ್ರೆಡ್ಡು, ಹಾಲಿನಲ್ಲಿ ದಿನ ತಳ್ಳಿದ. "ನಮ್ಮನೆ ಅನ್ನದ ಋಣ ಇವನಿಗಿಲ್ಲವೇನೋ" ಎಂದು ಅವಳು ರಾತ್ರಿ ನನ್ನೊಡನೆ ಹೇಳಿಕೊಂಡಾಗ ಉತ್ತರ ಹೊಳೆಯಲಿಲ್ಲ. ಇದನ್ನು ಕೇಳಿಸಿಕೊಂಡ ಮಗಳು ತನ್ನ ಕಥೆ ಹೇಳಿದಳು. ಮದುವೆಯಾಗಿ ಹೋದ ಮೊದಲ ಯುಗಾದಿಗೆ, ಊರಿನ ಹುಣಸೆಹಣ್ಣಿನಿಂದ ಅಮ್ಮ ಮಾಡಿ ಕಳಿಸಿದ್ದ ಗೊಜ್ಜನ್ನು ಅಲ್ಲಿನ ಅನ್ನಕ್ಕೆ ಕಲೆಸಿದಾಗ ಪುಳಿಯೋಗರೆ ಒಂದೇ ಗಡ್ಡೆಯಾಯಿತಂತೆ. ಸೌಟು ಹಿಡಿದುಕೊಂಡೇ ಅತ್ತಳಂತೆ. ಅಲ್ಲಿ ತಾಯಿಗೆ ಅಂಟಿದ ಅನ್ನದ ದುಃಖ, ಇಲ್ಲಿ ಮಗನಿಗೆ ಅಂಟದ ಅನ್ನದ ದುಃಖ.

ಮರುದಿನ ಮಗಳು, ಮಗನಿಗೆ ಪ್ರಿಯವಾದ ಸುಶಿಯನ್ನು ಇಲ್ಲಿಯೇ ಮಾಡುವೆನೆಂದಳು. ಆ ಹೆಸರು ಕೇಳಿ ಪತ್ನಿ ಬೆಚ್ಚಿದಳು. ಸುಶಿ ಎಂದರೆ ಹಸಿ ಮೀನು ಎಂಬ ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ನಿಜವಾಗಿ ಸುಶಿ ಎಂಬ ಪದದ ಮೂಲಾರ್ಥ ಹುಳಿ ಎಂದು ಬಲ್ಲವರು ಹೇಳುತ್ತಾರೆ. ಬಹು ಹಿಂದೆ ಉಪ್ಪು ಹಾಕಿದ ಮೀನನ್ನು ಅನ್ನದಲ್ಲಿ ಹುದುಗಿಸಿ ತಿಂಗಳುಗಟ್ಟಲೆ ಇಟ್ಟು, ಹುಳಿತ ಅನ್ನವನ್ನು ಎಸೆದು ಮೀನನ್ನಷ್ಟೇ ತಿನ್ನುತ್ತಿದ್ದರು. ಕಾಲಕ್ರಮದಲ್ಲಿ ಅನ್ನವನ್ನೂ ತಿನ್ನತೊಡಗಿದರು. ಕಾಯುವ ತಾಳ್ಮೆ ಕಡಿಮೆಯಾದಂತೆ, ಹುದುಗುವ ಹುಳಿಯ ಬದಲು ಅಕ್ಕಿಯ ವಿನೆಗರ್ ಬಂತು. ಇಂದಿನ ರೂಪದ, ಕೈಯಲ್ಲಿ ಒತ್ತಿ ಕೊಡುವ ಸುಶಿ 19ನೆಯ ಶತಮಾನದ ಆದಿಯಲ್ಲಿ ಎಡೋ ನಗರದಲ್ಲಿ, ಅಂದರೆ ಇಂದಿನ ಟೋಕಿಯೋದಲ್ಲಿ, ಪ್ರಚಾರಕ್ಕೆ ಬಂದ ಬೀದಿ ತಿಂಡಿ. ಸೌತೆಕಾಯಿಯದೊಂದನ್ನೇ ಇಟ್ಟು ಸುತ್ತುವ ಸುಶಿಯುಂಟು. ಶಿಕೋಕು ದ್ವೀಪದ ಕೋಚಿ ಪ್ರಾಂತದಲ್ಲಿ ಬಿದಿರು ಕಳಲೆ, ಅಣಬೆ ಇಟ್ಟು, ಯುಜು ಎಂಬ ನಿಂಬೆಯ ಜಾತಿಯ ಹಣ್ಣಿನ ರಸ ಬೆರೆಸಿ ಮಾಡುವ ಹಳ್ಳಿ ಸುಶಿಯೂ ಉಂಟು. ಸಾರಾಂಶವಿಷ್ಟೆ: ಸುಶಿಯ ಜೀವ ಮೀನಲ್ಲ, ಹುಳಿಯನ್ನ. ದೇವನಹಳ್ಳಿ ತಾಲ್ಲೂಕಿನ ನಮ್ಮೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊತ್ತಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿತವಾಯಿತೆಂಬುದು ನಿಮಗೆ ತಿಳಿದೇ ಇದೆ. ಅಂಥ ಊರಿನವರಿಗೆ ಹುಳಿಯನ್ನವನ್ನು ಪರಕೀಯವೆನ್ನುವ ಹಕ್ಕಿಲ್ಲ. ಪತ್ನಿ ಒಪ್ಪಿದಳು.

ಮೊದಲು ಅಕ್ಕಿಯ ಪ್ರಶ್ನೆ. ಹೊಸಕ್ಕಿ ಅಂಟುತ್ತದೆ, ಹಳೆಯಕ್ಕಿ ಉದುರುತ್ತದೆ ಎಂಬುದು ನಮ್ಮ ಹೆಂಗಸರೆಲ್ಲರೂ ಬಲ್ಲ ಸಂಗತಿ. ಹಾಗೆಂದು ಬೇಸಿಗೆ ಬೆಳೆಯ ಹೊಸ ಸೋನಾ ಮಸೂರಿ ತರಿಸಿ ನೀರು ಹೆಚ್ಚಿಟ್ಟು ಮಾಡಿದೆವು. ಅನ್ನ ಅಂಟಿತು, ಆದರೆ ಅಗುಳು ಒಡೆದು ಗಂಜಿಯ ಹದಕ್ಕೆ ಬಂತು. ಸುಶಿಗೆ ಬೇಕಾದುದು ಅದಲ್ಲ. ಅಗುಳು ಇಡಿಯಾಗಿಯೇ ಉಳಿದು, ಪಕ್ಕದ ಅಗುಳಿನ ಕೈ ಹಿಡಿದಿರಬೇಕು. ಇದರ ಗುಟ್ಟು ಅಕ್ಕಿಯ ಪಿಷ್ಟದಲ್ಲಿದೆ. ಪಿಷ್ಟದಲ್ಲಿ ಅಮೈಲೋಸ್, ಅಮೈಲೊಪೆಕ್ಟಿನ್ ಎಂಬ ಎರಡು ಬಗೆ. ಮೊದಲನೆಯದು ಹೆಚ್ಚಿದ್ದರೆ ಅನ್ನ ಉದುರು, ಕಡಿಮೆಯಿದ್ದರೆ ಜಿಗುಟು. ಜಪಾನಿನ ಊಟದ ಅಕ್ಕಿಯಲ್ಲಿ ಅಮೈಲೋಸ್ ಸಾಮಾನ್ಯವಾಗಿ ಶೇ. 20ಕ್ಕಿಂತ ಕಡಿಮೆ, ನಮ್ಮ ಹೆಚ್ಚಿನ ಅಕ್ಕಿಗಳಲ್ಲಿ ಅದಕ್ಕಿಂತ ಜಾಸ್ತಿ.

ಕೊನೆಗೆ ಅಳಿಯ ಬೆಂಗಳೂರಿನ ಒಂದು ಅಂಗಡಿಯಿಂದ ಜಪಾನೀ ಬಗೆಯ ಗಿಡ್ಡಕ್ಕಿ ತಂದ. ಬೆಲೆ ಸೋನಾ ಮಸೂರಿಯ ಹಲವು ಪಟ್ಟು. ಕೊಳ್ಳುವವರು ಎರಡು ಅಂಶ ಗಮನಿಸಬೇಕೆಂದು ಮಗಳು ಹೇಳಿದಳು. ಕಾಳು ಗಿಡ್ಡಗೆ, ದುಂಡಗೆ, ತುಸು ಪಾರದರ್ಶಕವಾಗಿರಬೇಕು. ಹಾಲಿನಂತೆ ಅಪ್ಪಟ ಬೆಳ್ಳಗಿದ್ದರೆ ಅದು ಸಿಹಿತಿಂಡಿಗೆ ಬಳಸುವ ಮೋಚಿಯ ಅಕ್ಕಿ. ಅದರಲ್ಲಿ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ, ಸುಶಿಗೆ ಸಲ್ಲದು. ಜಪಾನಿನಲ್ಲಿ ಅತ್ಯಂತ ಹೆಸರುವಾಸಿ ತಳಿ ಕೋಶಿಹಿಕಾರಿ. 1956ರಲ್ಲಿ ಹೆಸರು ಪಡೆದ ಅದು ಜಿಗುಟು ಜಾಸ್ತಿಯಿರುವ ತಳಿ. ಸುಶಿಯ ಬಾಣಸಿಗರಲ್ಲಿ ಅನೇಕರು ಅದಕ್ಕಿಂತ ಹಗುರವಾದ ಸಾಸಾನಿಶಿಕಿಯನ್ನು ಮೆಚ್ಚುತ್ತಾರಂತೆ. ಅಂದರೆ ಅಂಟುವ ಅಕ್ಕಿಯ ನಾಡಿನಲ್ಲಿಯೂ ಅತಿಯಾದ ಅಂಟು ಬೇಡ!

ಮಾಡುವ ಕ್ರಮವನ್ನು ಕೇಳಿದವರಿಗಾಗಿ ಬರೆಯುತ್ತೇನೆ. ಎರಡು ಲೋಟ ಅಕ್ಕಿ, ಸುಮಾರು 300 ಗ್ರಾಂ. ಮೊದಲ ನೀರನ್ನು ತಟ್ಟನೆ ಚೆಲ್ಲಬೇಕು; ಬಳಿಕ ಕಾಳು ಮುರಿಯದಂತೆ ಮೃದುವಾಗಿ ಮೂರು ನಾಲ್ಕು ನೀರಿನಲ್ಲಿ ತೊಳೆಯಬೇಕು. ಅರ್ಧ ಗಂಟೆ ನೆನೆಸಿ, ಸೋಸಿ, ಅದೇ ಲೋಟದಲ್ಲಿ ಎರಡೇ ಲೋಟ ನೀರಿಟ್ಟು, ದಪ್ಪ ತಳದ ಪಾತ್ರೆಯಲ್ಲಿ ಬಿಗಿಯಾಗಿ ಮುಚ್ಚಿ ಕುದಿಸಬೇಕು. ಕುದಿ ಬಂದೊಡನೆ ಉರಿ ತಗ್ಗಿಸಿ ಹನ್ನೆರಡು ನಿಮಿಷ; ಉರಿ ಆರಿಸಿ ಇನ್ನೂ ಹತ್ತು ನಿಮಿಷ. ಅಲ್ಲಿಯವರೆಗೆ ಮುಚ್ಚಳ ತೆಗೆಯಕೂಡದು. ಗಂಜಿ ಬಸಿಯುವ ಮಾತೇ ಇಲ್ಲ. ನಾಲ್ಕು ದೊಡ್ಡ ಚಮಚ ಅಕ್ಕಿ ವಿನೆಗರ್, ಎರಡು ದೊಡ್ಡ ಚಮಚ ಸಕ್ಕರೆ, ಒಂದು ಚಿಕ್ಕ ಚಮಚ ಉಪ್ಪು ಸೇರಿಸಿ ಕರಗುವಷ್ಟು ಮಾತ್ರ ಬಿಸಿ ಮಾಡಿಟ್ಟುಕೊಳ್ಳಬೇಕು.

ಮುಂದಿನ ಹೆಜ್ಜೆಯೇ ಪುಳಿಯೋಗರೆಗೆ ತಿರುವುಮುರುವು. ನಾವು ಅನ್ನವನ್ನು ಅಗಲವಾದ ತಟ್ಟೆಗೆ ಹರವಿ, ಎಣ್ಣೆ ಸವರಿ, ಆರಿದ ಮೇಲೆ ಗೊಜ್ಜು ಕಲೆಸುತ್ತೇವೆ. ಅವರು ಅನ್ನ ಹಬೆಯಾಡುತ್ತಿರುವಾಗಲೇ ಹುಳಿ ಸುರಿಯುತ್ತಾರೆ, ಬಿಸಿ ಅಗುಳು ಅದನ್ನು ಹೀರಿಕೊಳ್ಳಲೆಂದು. ಇದಕ್ಕೆ ಅಲ್ಲಿ ಅಗಲವಾದ ಮರದ ಪಾತ್ರೆಯುಂಟು. ನಮ್ಮ ಅಟ್ಟದಲ್ಲಿದ್ದ ನನ್ನ ತಾಯಿಯ ಕಾಲದ ಮರಿಗೆ ಕೆಳಗಿಳಿಯಿತು. ಮಗಳು ಮರದ ಸೌಟಿನಿಂದ ಕೊಯ್ದಂತೆ ಅನ್ನವನ್ನು ಬೆರೆಸಿದಳು, ಹುಡುಗ ಪಕ್ಕದಲ್ಲಿ ಕುಳಿತು ಬೀಸಣಿಗೆ ಬೀಸಿದ. ಅನ್ನಕ್ಕೆ ಹೊಳಪು ಬಂತು. ಆಮೇಲೆ ಒದ್ದೆ ಬಟ್ಟೆ ಮುಚ್ಚಿಡಬೇಕು. ಫ್ರಿಜ್ಜಿನಲ್ಲಿಟ್ಟರೆ ಪಿಷ್ಟ ಗಟ್ಟಿಯಾಗಿ ಅನ್ನ ಬಿರುಸಾಗುತ್ತದೆ.

ಒತ್ತಿ ಉಂಡೆ ಮಾಡುವಾಗ ಮಗಳ ಕೈಗೆಲ್ಲ ಅನ್ನ ಮೆತ್ತಿಕೊಂಡಿತು. ಅದುವರೆಗೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಪತ್ನಿ ಬಂದು ಕುಳಿತಳು. "ಕೈ ಒದ್ದೆ ಮಾಡ್ಕೊಳ್ಳೇ, ಮುದ್ದೆ ಕಟ್ಟೋದು ಮರೆತೋಯ್ತಾ?" ಎಂದು ತಾನೇ ಕೈಯನ್ನು ನೀರಿಗೆ ಅದ್ದಿ ಒಂದಾದ ಮೇಲೊಂದು ಕಟ್ಟತೊಡಗಿದಳು. ಐವತ್ತು ವರ್ಷ ರಾಗಿ ಮುದ್ದೆ ಕಟ್ಟಿದ ಕೈ ಅದು. ಒಂದೂ ಒಡೆಯಲಿಲ್ಲ, ಒಂದೂ ಬಿಗಿಯಾಗಲಿಲ್ಲ. ಮೇಲೆ ಸೌತೆಕಾಯಿ, ಬೇಯಿಸಿದ ಕ್ಯಾರೆಟ್ಟು. ಹುಡುಗ ಒಂಬತ್ತು ತಿಂದ. ಎಣಿಸಿದವಳು ಅಜ್ಜಿ. ಎರಡು ದಿನದ ಬಳಿಕ ನನ್ನ ತಟ್ಟೆಯ ಮುದ್ದೆಯನ್ನು ಮುಟ್ಟಿ ನೋಡಿ "ತಾತ, ಇದು ಮೊಚಿಮೊಚಿ" ಎಂದ. ಅಂದಿನಿಂದ ರಜೆ ಮುಗಿಯುವವರೆಗೆ ರಾತ್ರಿಯೂಟಕ್ಕೆ ಅವನಿಗೊಂದು ಪುಟ್ಟ ಮುದ್ದೆ ಖಾಯಂ ಆಯಿತು.

ಈ ವಿಷಯವನ್ನು ಓದುತ್ತ ಹೋದಾಗ ತಿಳಿದುಬಂದ ಇನ್ನೊಂದು ಸಂಗತಿಯನ್ನು ಹೇಳದಿರಲಾರೆ. ಮಸೂರಿ ಎಂದರೆ ಮೈಸೂರಿನ ಅಪಭ್ರಂಶವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. 1950ರ ದಶಕದಲ್ಲಿ ಏಷ್ಯದ ಹಸಿವನ್ನು ನೀಗುವ ಉದ್ದೇಶದಿಂದ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಯೋಜನೆಯಡಿ, ಒಡಿಶಾದ ಕಟಕ್‌ನಲ್ಲಿ ನಮ್ಮ ಇಂಡಿಕಾ ಭತ್ತವನ್ನೂ ಜಪಾನೀ ಬಗೆಯ ಜಪೋನಿಕಾ ಭತ್ತವನ್ನೂ ಕೂಡಿಸುವ ಪ್ರಯೋಗ ನಡೆಯಿತು. ಮಲಯದ ಮಯಾಂಗ್ ಎಬೋಸ್ 80 ಎಂಬ ತಳಿಗೂ ತೈಚುಂಗ್ 65 ಎಂಬ ಜಪೋನಿಕಾ ತಳಿಗೂ ಹುಟ್ಟಿದ ಸಂತತಿ ಮಲೇಷ್ಯದಲ್ಲಿ 1965ರಲ್ಲಿ ಮಹ್ಸುರಿ ಎಂಬ ಹೆಸರಿನಿಂದ ರೈತರ ಕೈ ಸೇರಿತು. ಮಹ್ಸುರಿ ಲಂಕಾವಿ ದ್ವೀಪದ ಐತಿಹ್ಯವೊಂದರ ನಾಯಕಿ. ಈ ಮಹ್ಸುರಿ ಭಾರತಕ್ಕೆ ಬಂದು ಸೋನಾ ತಳಿಯೊಡನೆ ಕೂಡಿ ಸೋನಾ ಮಸೂರಿಯಾಯಿತು. ತೈಚುಂಗ್ 65 ಆದರೋ, ತೈವಾನ್ ಜಪಾನಿನ ಆಳ್ವಿಕೆಯಲ್ಲಿದ್ದಾಗ ಜಪಾನೀ ತಳಿಗಳಿಂದಲೇ ರೂಪುಗೊಂಡದ್ದು. ನನ್ನ ಮೊಮ್ಮಗ "ಪಸಪಸ" ಎಂದು ಸರಿಸಿದ ಅನ್ನದ ಪೂರ್ವಿಕರಲ್ಲೊಬ್ಬರು ಅವನ ನಾಡಿನವರೇ!

ನಾಲಿಗೆಯ ಹಟ ಮಕ್ಕಳಿಗಷ್ಟೇ ಸೇರಿದ್ದಲ್ಲ. 1993ರ ಬೇಸಿಗೆಯ ಚಳಿಗೆ ಜಪಾನಿನ ಭತ್ತದ ಬೆಳೆ ಕೈಕೊಟ್ಟಾಗ ಥಾಯ್ಲೆಂಡಿನಿಂದ ಉದ್ದಕ್ಕಿ ತರಿಸಿದರು. ಅಕ್ಕಿಯ ಅಭಾವವಿದ್ದರೂ ಬಹುಮಂದಿ ಅದನ್ನು ಒಲ್ಲೆವೆಂದರು. ಅಂಟುವ ಅನ್ನಕ್ಕೆ ಒಗ್ಗಿದ ಕಡ್ಡಿಗಳಿಗೂ ಅಡುಗೆಗೂ ಅದು ಹೊಂದಲಿಲ್ಲ. ಅಕ್ಕಿಯಲ್ಲಿ ದೋಷವಿರಲಿಲ್ಲ.

ಹೊರನಾಡಿನಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಒಂದು ಮಾತು. ಜಪಾನಿನಲ್ಲಿ ಪುಳಿಯೋಗರೆ ಮಾಡುವವರು ಥಾಯ್ ಅಥವಾ ಭಾರತದ ಉದ್ದಕ್ಕಿ ಹುಡುಕಿ ತನ್ನಿ, ಅಲ್ಲಿನ ಅಕ್ಕಿಯನ್ನು ಹಳಿಯಬೇಡಿ. ಅದರಲ್ಲಿ ಮೊಸರನ್ನ ಬಹಳ ಸೊಗಸಾಗುತ್ತದೆಂದು ಮಗಳ ಅನುಭವ. ನಿಮ್ಮಲ್ಲಿ ಅನೇಕರು ಈಗ ಸ್ವತಃ ಉಪಾಧ್ಯಾಯರು, ತಂದೆತಾಯಿಯರು. ತರಗತಿಯಲ್ಲಿ ಬಿಡಿಬಿಡಿಯಾಗಿ ನಿಲ್ಲುವ ಮಗುವೂ ಇರುತ್ತದೆ, ಯಾರಿಗಾದರೂ ಅಂಟಿಕೊಂಡೇ ಇರುವ ಮಗುವೂ ಇರುತ್ತದೆ. ಎರಡನ್ನೂ ಒಂದೇ ಪಾತ್ರೆಯಲ್ಲಿ, ಒಂದೇ ಅಳತೆಯ ನೀರಿನಲ್ಲಿ ಬೇಯಿಸಲು ಹೊರಡದಿದ್ದರೆ ಸಾಕು.