ಪಟ್ಟಿಯಲ್ಲಿ ಇಲ್ಲದ ಹೆಸರು

ನಮ್ಮ ಭಾಯಿಗೆ ದಮ್ಮಾಮ್‌ನಲ್ಲಿ ಕೆಲಸ ಸಿಕ್ಕಿತು. ಹೋದರೆ ಎರಡು ವರ್ಷ ಊರಿಗೆ ಬರುವಂತಿಲ್ಲ. ಟಿಕೆಟ್ ಬಂದ ದಿನ ದಾದಿ ಹೇಳಿದರು, "ಹೋಗೋಕೆ ಮುಂಚೆ ಎಲ್ಲರೂ ಕೂತು ಒಂದು ಫೋಟೊ ತೆಗೆಸೋಣ." ಮನೆಯ ಆರು ಜನ ಒಟ್ಟಿಗೆ ಇರುವ ಫೋಟೊ ನಮ್ಮಲ್ಲಿ ಒಂದೂ ಇಲ್ಲ ಎಂದು ಆಗಲೇ ನಮಗೆ ಗೊತ್ತಾಗಿದ್ದು. ದಾದಿಯದಂತೂ ಆಧಾರ್ ಕಾರ್ಡಿನಲ್ಲಿ ಇರುವುದು ಬಿಟ್ಟರೆ ಬೇರೆ ಫೋಟೊವೇ ಇರಲಿಲ್ಲ.

ಅಬ್ಬಾ ಬಟ್ಟೆಗೆಂದು ನಾಲ್ಕು ಸಾವಿರ ರೂಪಾಯಿ ಕೊಟ್ಟರು. ಆಪಾ ಮೊಬೈಲಿನಲ್ಲಿ ಹತ್ತಾರು ಫೋಟೊ ತೋರಿಸಿದಳು. ಎಲ್ಲದರಲ್ಲೂ ಮನೆಮಂದಿಯೆಲ್ಲ ಒಂದೇ ಬಣ್ಣದ ಬಟ್ಟೆ ಹಾಕಿಕೊಂಡು ನಿಂತಿದ್ದರು. "ನಾವೂ ಪಿಸ್ತಾ ಬಣ್ಣ ಹಾಕೋಣ" ಅಂದಳು. ಕಾಮರ್ಸ್ ಓದುವವಳು ಎಂದು ಲೆಕ್ಕದ ಕೆಲಸ ನನಗೇ ಬಂತು. ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬರೆದೆ: ಅಬ್ಬಾಗೆ ಕುರ್ತಾ 700, ಭಾಯಿಗೆ 900, ಆಪಾಗೆ ಚೂಡಿದಾರ್ 1,100, ನನಗೆ 900, ದಾದಿಗೆ ದುಪಟ್ಟಾ 400. ಕೂಡಿದರೆ ಸರಿಯಾಗಿ 4,000. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ನನ್ನ ಬಗ್ಗೆ ನನಗೇ ಹೆಮ್ಮೆ ಅನಿಸಿತು.

ಮರುದಿನ ಕ್ಲಾಸಿನಲ್ಲಿ ಅಕೌಂಟೆನ್ಸಿ ಮೇಡಂ ಟ್ರಯಲ್ ಬ್ಯಾಲೆನ್ಸ್ ಪಾಠ ಮಾಡುತ್ತಿದ್ದರು. ಎರಡೂ ಕಡೆಯ ಮೊತ್ತ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿ ಇದೆ ಎಂದುಕೊಳ್ಳಬೇಡಿ ಎಂದರು. ಒಂದು ವ್ಯವಹಾರವನ್ನು ಪುಸ್ತಕದಲ್ಲಿ ಬರೆಯುವುದನ್ನೇ ಪೂರ್ತಿ ಮರೆತರೆ ಡೆಬಿಟ್ಟಿನಲ್ಲೂ ಇರುವುದಿಲ್ಲ, ಕ್ರೆಡಿಟ್ಟಿನಲ್ಲೂ ಇರುವುದಿಲ್ಲ. ಹಾಗಾಗಿ ಮೊತ್ತ ಸರಿಯಾಗಿಯೇ ಬರುತ್ತದೆ, ತಪ್ಪು ಕಾಣುವುದೇ ಇಲ್ಲ. ಅದಕ್ಕೆ ಎರರ್ ಆಫ್ ಒಮಿಷನ್ ಎನ್ನುತ್ತಾರೆ. ಬರೆದುಕೊಳ್ಳಲು ನೋಟ್‌ಬುಕ್ ತೆಗೆದಾಗ ಕೊನೆಯ ಹಾಳೆ ತೆರೆದುಕೊಂಡಿತು. ಐದು ಹೆಸರು. ಮನೆಯಲ್ಲಿ ಆರು ಜನ. ಅಮ್ಮಿಯ ಹೆಸರೇ ಇರಲಿಲ್ಲ.

ಪಟ್ಟಿ ಬರೆಯುವಾಗ ಅಮ್ಮಿ ಪಕ್ಕದಲ್ಲೇ ಕೂತಿದ್ದರು. ನಾನು ಜೋರಾಗಿ ಓದಿ ಹೇಳಿದ್ದೆ. ಯಾರಿಗೂ ಹೊಳೆಯಲಿಲ್ಲ. ಅಮ್ಮಿಯೂ ಏನೂ ಹೇಳಲಿಲ್ಲ.

ನಮ್ಮದು ರಾಮನಗರ. ಮನೆಯ ಹಿಂದೆಯೇ ರೇಷ್ಮೆ ನೂಲು ಬಿಚ್ಚುವ ಸಣ್ಣ ಶೆಡ್ ಇದೆ. ಅಬ್ಬಾ ಮಾರ್ಕೆಟ್ಟಿನ ಹರಾಜಿನಲ್ಲಿ ಗೂಡು ಹಿಡಿದು ತರುತ್ತಾರೆ. ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಎಳೆ ಹುಡುಕಿ ತೆಗೆಯುವುದು ಅಮ್ಮಿ. ಒಂದು ಕಿಲೋ ನೂಲಿಗೆ ಏಳೆಂಟು ಕಿಲೋ ಗೂಡು ಬೇಕು. ದಿನವೆಲ್ಲ ನೀರಿನಲ್ಲಿದ್ದು ಅಮ್ಮಿಯ ಬೆರಳ ತುದಿ ಬೆಳ್ಳಗಾಗಿ, ಚರ್ಮ ಸುಲಿದಿರುತ್ತದೆ. ನಮ್ಮ ಧರ್ಮದಲ್ಲಿ ಗಂಡಸರಿಗೆ ರೇಷ್ಮೆ ಸಲ್ಲದು, ಹೆಂಗಸರಿಗೆ ಅಡ್ಡಿಯಿಲ್ಲ. ಆದರೂ ಅಮ್ಮಿಯ ಬಳಿ ಇರುವುದು ನಿಕಾಹ್‌ನ ಒಂದೇ ರೇಷ್ಮೆ ಸೀರೆ. ಅದೂ ಮಡಿಕೆಯಲ್ಲಿ ಹರಿದಿದೆ.

ಸಂಜೆ ಶೆಡ್ಡಿಗೇ ಹೋಗಿ ಕೇಳಿದೆ. "ಮೇರೆಕು ಕಾಯ್ಕು? ನನಗೆಲ್ಲ ಯಾಕೆ?" ಎಂದು ನಕ್ಕರು. "ಮೇಲೆ ಬುರ್ಖಾ ಇರುತ್ತಲ್ಲ, ಒಳಗೆ ಯಾವುದಾದರೇನು?" ದಾದಿ ಹೊರಗಿನಿಂದಲೇ ಕೂಗಿದರು, "ಸ್ಟುಡಿಯೋದಲ್ಲಿ ಅವನ ಹೆಂಡತೀನೇ ಫೋಟೊ ತೆಗೀತಾಳೆ. ಬುರ್ಖಾ ತೆಗೆದು ಕೂರು. ಹುಡುಗ ಅಲ್ಲಿ ನಿನ್ನ ನೋಡಬೇಕೋ, ಬುರ್ಖಾ ನೋಡಬೇಕೋ?"

ಪಟ್ಟಿಯನ್ನು ಹೊಸದಾಗಿ ಬರೆದೆ. ಮೊದಲ ಹೆಸರು ಅಮ್ಮಿ. ಉಳಿದವರಿಗೆಲ್ಲ ಹೋದ ಈದ್‌ನ ಬಟ್ಟೆ. ಪಿಸ್ತಾ ಬಣ್ಣ ಹೋಯಿತೆಂದು ಆಪಾ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಳು. ಆಮೇಲೆ ಅವಳೇ ಅಮ್ಮಿಯನ್ನು ಅಂಗಡಿಗೆ ಹೊರಡಿಸಿದಳು.

ಅಂಗಡಿಯವರು ಒಂದು ಸೀರೆ ಹರಡಿ, "ಪ್ಯೂರ್ ಸಿಲ್ಕ್ ಅಮ್ಮಾ, ನಿಮಗಾಗಿ ಮೂರೂವರೆ ಸಾವಿರ" ಅಂದರು. ಅಮ್ಮಿ ಸೆರಗನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, "ಇದರಲ್ಲಿ ರೇಷ್ಮೆ ಇಲ್ಲ" ಅಂದರು. ಅಷ್ಟೇ. ಅವರು ಮಾತಾಡದೆ ಮಡಚಿಟ್ಟು ಬೇರೆ ತಂದರು. ಅದು ನಿಜವಾದ ರೇಷ್ಮೆ, ಬೆಲೆ ಏಳು ಸಾವಿರ. ಅಮ್ಮಿ ಅದನ್ನು ಸವರಿ, "ನೂಲು ಚೆನ್ನಾಗಿದೆ" ಎಂದು ತಾವೇ ಮಡಚಿ ವಾಪಸ್ ಕೊಟ್ಟರು. ಕೊನೆಗೆ ಕಡುಹಸಿರು ಕಾಟನ್ ಸೀರೆ ಆರಿಸಿದರು, 1,450 ರೂಪಾಯಿ. ಉಳಿದ 2,550 ರೂಪಾಯಿಯನ್ನು ಭಾಯಿಯ ಸೂಟ್‌ಕೇಸಿಗೆ ಇರಲಿ ಎಂದರು.

ಸ್ಟುಡಿಯೋದಲ್ಲಿ ನಾವು ಆರು ಜನ, ಆರು ಬಣ್ಣ. ಅಮ್ಮಿ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದರು. ಫೋಟೊ ತೆಗೆಯುವ ಆಂಟಿ ಒಂದು, ಎರಡು ಎನ್ನುವಷ್ಟರಲ್ಲಿ ಭಾಯಿ ಆ ಕೈಯನ್ನು ಹೊರಗೆ ಎಳೆದು ತನ್ನ ಹೆಗಲ ಮೇಲೆ ಇಟ್ಟುಕೊಂಡ. ಫೋಟೊ ಹಾಗೇ ಬಂದಿದೆ. ಅಮ್ಮಿ ಕ್ಯಾಮೆರಾ ಕಡೆ ನೋಡುತ್ತಿಲ್ಲ, ಭಾಯಿಯನ್ನು ನೋಡುತ್ತಿದ್ದಾರೆ. ಬೆಳ್ಳಗಾದ ಬೆರಳುಗಳು ಚೆನ್ನಾಗಿ ಕಾಣುತ್ತವೆ.

ಭಾಯಿ ಈಗ ದಮ್ಮಾಮ್‌ನಲ್ಲಿದ್ದಾನೆ. ಅವನ ಮೊಬೈಲ್ ತೆರೆದರೆ ಮೊದಲು ಬರುವುದು ಆ ಫೋಟೊ. ನಾನು ಈಗಲೂ ಮನೆಯ ಲೆಕ್ಕ ಬರೆಯುತ್ತೇನೆ. ಮೊತ್ತ ತಾಳೆಯಾದ ಮೇಲೂ ಒಮ್ಮೆ ಹೆಸರುಗಳನ್ನು ಎಣಿಸುತ್ತೇನೆ. ಗೆಳತಿಯರೇ, ನಿಮ್ಮ ಮನೆಯ ಪಟ್ಟಿಯನ್ನೂ ಒಮ್ಮೆ ಎಣಿಸಿ ನೋಡಿ.