ನೀಲಿ ಪರದೆ ಹೇಳಿದ ಹೆಸರು

ಶ್ರವಣಬೆಳಗೊಳದ ನಮ್ಮ ಮನೆಗೆ ಹೋದ ವರ್ಷ ಒಂದು ಹೊಸ ಕಂಪ್ಯೂಟರ್ ಬಂತು. ಬಂತು ಎನ್ನುವುದಕ್ಕಿಂತ ನಮ್ಮ ಮನೆಯಲ್ಲೇ ಹುಟ್ಟಿತು ಎನ್ನಬೇಕು. ಪಿಯುಸಿ ಮುಗಿಸಿದ ಮಗನಿಗೆ ಆಟದ ಹುಚ್ಚು. ನಾಲ್ಕು ಹಬ್ಬಗಳ ಈದಿ ಹಣ ಕೂಡಿಟ್ಟು, ಕಡಿಮೆ ಬಿದ್ದದ್ದನ್ನು ನಮ್ಮಿಂದ ಪಡೆದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ರೈಲಿನಲ್ಲಿ ಹೊತ್ತು ತಂದ. ಅವನ್ನು ಕೂತು ಜೋಡಿಸಿಕೊಟ್ಟವನು ಅವನ ಗೆಳೆಯ, ನಮ್ಮೂರಿನ ಜೈನರ ಹುಡುಗ.

ಮೂರು ದಿನ ಮನೆಯಲ್ಲಿ ಹಬ್ಬ. ನಾಲ್ಕನೆಯ ದಿನ ಆಟದ ನಡುವೆ ಪರದೆ ನೀಲಿಯಾಯಿತು. ಯಂತ್ರ ತಾನೇ ಆರಿ, ತಾನೇ ಹೊತ್ತಿಕೊಂಡಿತು. ಆಮೇಲೆ ದಿನಕ್ಕೆ ನಾಲ್ಕೈದು ಸಲ ಅದೇ ಕತೆ. ನೀಲಿ ಪರದೆಯ ಮೇಲೆ ಪ್ರತಿ ಸಲವೂ ಬೇರೆ ಬೇರೆ ಹೆಸರು. ಒಮ್ಮೆ ಗ್ರಾಫಿಕ್ಸ್ ಡ್ರೈವರ್, ಇನ್ನೊಮ್ಮೆ ವೈಫೈ, ಮತ್ತೊಮ್ಮೆ ವಿಂಡೋಸಿನದೇ ಯಾವುದೋ ಕಡತ. ಮಗ ಯಾವುದರ ಹೆಸರು ಬರುತ್ತದೋ ಅದನ್ನು ಕಿತ್ತು ಹೊಸದಾಗಿ ಹಾಕುತ್ತಿದ್ದ. ಕೊನೆಗೆ ವಿಂಡೋಸನ್ನೇ ಅಳಿಸಿ ಮತ್ತೆ ಹಾಕಿದ. ಗುಣ ಕಾಣಲಿಲ್ಲ.

ಮನೆಯಾಕೆ ನಜರ್ ತಗುಲಿದೆ ಎಂದು ಮೆಣಸಿನಕಾಯಿ ನಿವಾಳಿಸಿದರು. ನಾವು ಓದಿದವರು, ಕತೆ ಬರೆಯುವವರು. ನಜರನ್ನು ನಂಬದ ನಾವು ಅದಕ್ಕಿಂತ ಕೆಟ್ಟದ್ದನ್ನು ನಂಬಿದೆವು. ಒಂದು ಸಂಜೆ ಪಡಸಾಲೆಯಲ್ಲಿ ಮಗನಿಗೆ ಹೇಳಿದೆವು: “ಪೆಟ್ಟಿಗೆಯಲ್ಲಿದ್ದ ಹೊಸ ಸಾಮಾನನ್ನೇ ಅವನು ಒಳಗೆ ಹಾಕಿದ್ದಾನೆ ಅಂತ ಏನು ಗ್ಯಾರಂಟಿ? ನೀನು ಪಕ್ಕದಲ್ಲೇ ಇದ್ದೆಯಾ?”

ಮಗ ಉತ್ತರ ಕೊಡಲಿಲ್ಲ. ಅವನ ಕಣ್ಣು ಬಾಗಿಲ ಕಡೆಗಿತ್ತು. ಆ ಹುಡುಗ ಹೊಸಿಲಾಚೆ ಚಪ್ಪಲಿ ಬಿಡುತ್ತಾ ನಿಂತಿದ್ದ. ಬಿಟ್ಟ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಹೊರಟುಹೋದ.

ಎಂಟು ದಿನ ಮಗ ನಮ್ಮೊಡನೆ ಸರಿಯಾಗಿ ಮಾತಾಡಲಿಲ್ಲ. ಒಂಬತ್ತನೆಯ ದಿನ ಆ ಹುಡುಗ ತಾನಾಗಿಯೇ ಬಂದ, ಕೈಯಲ್ಲೊಂದು ಪೆನ್‌ಡ್ರೈವ್. “ಅಂಕಲ್, ಎಲ್ಲಾನೂ ಒಟ್ಟಿಗೆ ಬದಲಾಯಿಸಿದ್ರೆ ಯಾವ್ದು ಕೆಟ್ಟಿದೆ ಅಂತ ಗೊತ್ತಾಗಲ್ಲ. ಒಂದೊಂದಾಗಿ ನೋಡ್ಬೇಕು” ಎಂದ. ಬೇರೇನೂ ಹೇಳಲಿಲ್ಲ.

ಮೊದಲು ಮೆಮೊರಿಯ ವೇಗ ಇಳಿಸಿದ. ಪೆಟ್ಟಿಗೆಯ ಮೇಲೆ 6000 ಎಂದು ಬರೆದಿದ್ದರೂ ಆ ವೇಗವನ್ನು ನಾವೇ ಹೋಗಿ ಆರಿಸಬೇಕಂತೆ. ಇಲ್ಲದಿದ್ದರೆ ನಮ್ಮದು 4800ರಲ್ಲಿ ಓಡುತ್ತದಂತೆ. ಇಳಿಸಿದರೂ ಯಂತ್ರ ಬಿತ್ತು. ಆಗ ಪೆನ್‌ಡ್ರೈವ್ ಚುಚ್ಚಿದ. ಅದರಲ್ಲಿದ್ದದ್ದು ಮೆಮ್‌ಟೆಸ್ಟ್86, ಕ್ರಿಸ್ ಬ್ರಾಡಿ ಎಂಬವರು 1994ರಲ್ಲಿ ಬರೆದ ತಂತ್ರಾಂಶ. ಅದಕ್ಕೆ ವಿಂಡೋಸಿನ ಹಂಗಿಲ್ಲ. ಮೆಮೊರಿಯ ಒಂದೊಂದು ಮನೆಯಲ್ಲೂ ಒಂದು ಗುರುತು ಬರೆಯುತ್ತದೆ, ತಿರುಗಿ ಓದುತ್ತದೆ, ಬರೆದದ್ದೇ ಇದೆಯೇ ಎಂದು ನೋಡುತ್ತದೆ. ಇಶಾ ನಮಾಜು ಮುಗಿಸಿ ಬರುವಷ್ಟರಲ್ಲಿ ಪರದೆಯ ತುಂಬ ಕೆಂಪು ಸಾಲುಗಳು.

ಮೆಮೊರಿಯ ಪಟ್ಟಿಗಳು ಎರಡಿದ್ದವು. ಒಂದನ್ನು ತೆಗೆದು ಇನ್ನೊಂದನ್ನು ರಾತ್ರಿಯಿಡೀ ಓಡಲು ಬಿಟ್ಟರು. ಫಜರ್‌ಗೆ ಎದ್ದು ನೋಡಿದರೆ ತಪ್ಪು ಸೊನ್ನೆ. ಅದೇ ಜಾಗಕ್ಕೆ ಎರಡನೆಯದನ್ನು ಹಾಕಿದರೆ ಅರ್ಧ ಗಂಟೆಯಲ್ಲಿ ಕೆಂಪು. ಒಳ್ಳೆಯ ಪಟ್ಟಿಯನ್ನು ಎರಡನೆಯ ಜಾಗದಲ್ಲೂ ಕೂರಿಸಿ ನೋಡಿದ, ಮತ್ತೆ ಸೊನ್ನೆ. ಅಲ್ಲಿಗೆ ಜಾಗದ ಮೇಲಿನ ಅನುಮಾನವೂ ಹೋಯಿತು. ಕಾರ್ಖಾನೆಯಿಂದಲೇ ಕೆಟ್ಟು ಬಂದ ಪಟ್ಟಿ. ಯಾರೂ ಏನನ್ನೂ ಬದಲಾಯಿಸಿರಲಿಲ್ಲ.

“ಹಾಗಾದರೆ ಪರದೆ ಮೇಲೆ ಅಷ್ಟೊಂದು ಹೆಸರು ಯಾಕೆ ಬರ್ತಿತ್ತು?” ಎಂದು ಕೇಳಿದೆವು.

“ಕೆಟ್ಟ ಮನೇಲಿ ಆ ಹೊತ್ತಿಗೆ ಯಾರು ಇರ್ತಾರೋ ಅವರು ಬೀಳ್ತಾರೆ ಅಂಕಲ್. ಪರದೆ ಹೇಳೋದು ಬಿದ್ದವರ ಹೆಸರು, ಬೀಳಿಸಿದವರದ್ದಲ್ಲ.”

ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ಎಲ್ಲೋ ಏನೋ ಕೆಟ್ಟರೆ ಮೊದಲು ಯಾರ ಹೆಸರು ಬರುತ್ತದೆ ಎಂಬುದು ನಮ್ಮಂಥವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸಿನಲ್ಲಿ, ಬಾಡಿಗೆ ಮನೆ ಹುಡುಕುವಾಗ ಆ ನೋಟವನ್ನು ಕಂಡವರು ನಾವು. ಅದರ ಬಗ್ಗೆ ಕತೆಗಳನ್ನೂ ಬರೆದಿದ್ದೇವೆ. ಅದೇ ನೋಟವನ್ನು ನಮ್ಮ ಹೊಸಿಲಲ್ಲಿ ಹತ್ತೊಂಬತ್ತರ ಹುಡುಗನೊಬ್ಬನ ಮೇಲೆ ಬೀರಿದ್ದೆವು. ಅತಿಯಾದ ಗುಮಾನಿಯಿಂದ ದೂರವಿರಿ ಎಂದು ಸೂರಾ ಹುಜುರಾತ್ ಎಚ್ಚರಿಸುವುದನ್ನು ಮದರಸಾದಲ್ಲಿ ಬಾಯಿಪಾಠ ಮಾಡಿದ್ದೆವು. ಬಾಯಲ್ಲೇ ಉಳಿದಿತ್ತು.

ನಮ್ಮೂರಿನಲ್ಲಿ ಗುಳ್ಳಕಾಯಜ್ಜಿಯ ಕತೆ ಯಾವ ಜಾತಿಯ ಮಗುವಿಗೂ ಗೊತ್ತು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅದು ಗೊಮ್ಮಟನ ಪಾದಕ್ಕೆ ಇಳಿಯಲಿಲ್ಲ; ಅಜ್ಜಿಯ ಪುಟ್ಟ ಗುಳ್ಳಕಾಯಿಯ ಹಾಲು ಇಳಿಯಿತು. ಕೊರತೆ ಹಾಲಿನಲ್ಲೂ ಇರಲಿಲ್ಲ, ಹೊತ್ತವರಲ್ಲೂ ಇರಲಿಲ್ಲ. ಮಾಡಿಸಿದವನ ಅಹಂಕಾರದಲ್ಲಿತ್ತು. ನಾವು ಎಲ್ಲರನ್ನೂ ಒಂದೊಂದಾಗಿ ಪರೀಕ್ಷಿಸಿದೆವು, ನಮ್ಮನ್ನು ಬಿಟ್ಟು.

ವಾರಂಟಿಯಲ್ಲಿ ಹೊಸ ಪಟ್ಟಿ ಬಂದ ಸಂಜೆ ಅವನೇ ಬಂದು ಕೂರಿಸಿದ. ಕಂಪ್ಯೂಟರ್ ಅಂದಿನಿಂದ ಬಿದ್ದಿಲ್ಲ. “ಅವತ್ತು ನಮ್ಮದು ತಪ್ಪಾಯಿತು ಮಗಾ” ಎಂದೆವು. ಅವನು ತಲೆಯಾಡಿಸಿದ, ಅಷ್ಟೆ. ಮನೆಯಾಕೆ ಶರಬತ್ತು ತಂದಿಟ್ಟರು. ಮುಟ್ಟಲಿಲ್ಲ.

ಕೋಪ ಇನ್ನೂ ಹೋಗಿಲ್ಲ, ಅಥವಾ ನಮ್ಮ ಮನೆಯ ಲೋಟ ಆಗುವುದಿಲ್ಲ ಎಂದು ಮನಸ್ಸು ಆಗಲೇ ತೀರ್ಪು ಬರೆಯತೊಡಗಿತ್ತು. ಅಷ್ಟರಲ್ಲಿ ಅವನು ಕಿಟಕಿಯಾಚೆ ನೋಡಿ ನಾಚಿಕೆಯಿಂದ ಹೇಳಿದ: “ಹೊತ್ತು ಮುಳುಗಿದೆ ಆಂಟಿ. ಮನೇಲಿ ವ್ರತ ಹಿಡಿದಿದೀವಿ. ನಾಳೆ ಬೆಳಿಗ್ಗೆ ಬಂದು ಕುಡೀತೀನಿ.”

ಬೆಳಿಗ್ಗೆ ಬಂದ. ಎರಡು ಲೋಟ ಕುಡಿದ.